ಕೊರೆಯುವ ಚಳಿಗೆ ಎಂಥ ಕೈಗವಸು?



ಕೆ.ಆರ್.ನಗರದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಭೇರ್ಯ ಎಂಬ ಊರಿದೆ. ಅಲ್ಲಿ ನನ್ನ ಅಕ್ಕನ ಮನೆ. ಮಾಗಿಯ ಮುಂಜಾನೆ ಉಷ್ಣತೆ 14-15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಸಾಕು, ಊರಿನವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಚಳಿ ಕಾಯಿಸುತ್ತಾ ಕೂರುತ್ತಾರೆ. ಅಂಥ ಊರಿನಿಂದ ಕಾಲೇಜು ಓದುವ ಅಕ್ಕನ ಮಗ ಜನವರಿಯಲ್ಲಿ ಲಡಾಖ್‌ಗೆ ಹೊರಟ. ಹೆಪ್ಪುಗಟ್ಟಿದ ಝನ್ಸ್ಕಾರ್ ನದಿಯ ಮೇಲೆ ನಡೆಯುವ ಚಾರಣ. "ಮಾವ, ಗ್ಲೌಸ್ ತಗೊಂಡಾಯ್ತು. ಬೈಕಿಗೆ ಹಾಕೋದು, ಒಳ್ಳೇ ಲೆದರು" ಎಂದು ತೋರಿಸಿದ. ಬೆರಳಿಗೆ ಬಿಗಿಯಾಗಿ, ಚೆಂದವಾಗಿಯೇ ಕೂತಿತ್ತು. ಅದನ್ನು ಮನೆಯಲ್ಲೇ ಬಿಟ್ಟು ಹೋಗು ಎಂದೆ. ಅವನಿಗೆ ಹೇಳಿದ ಕಾರಣಗಳನ್ನೇ ಈಗ ನಿಮಗೂ ಹೇಳುತ್ತೇನೆ.

ಆ ಚಳಿ ನಮ್ಮ ಸೀಮೆಗೆ ತೀರ ಅಪರಿಚಿತವಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಕಾವಲು ನೆಲೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿ, 11ರಂದು ದೆಹಲಿಯಲ್ಲಿ ತೀರಿಕೊಂಡ ಕುಂದಗೋಳ ತಾಲ್ಲೂಕಿನ ಹನುಮಂತಪ್ಪ ಕೊಪ್ಪದ ಅವರ ಹೆಸರು ನಿಮಗೆ ಗೊತ್ತಿರಬಹುದು. ಅದೇ ತಂಡದಲ್ಲಿ ಹಾಸನದ ತೇಜೂರಿನ ನಾಗೇಶ, ನಮ್ಮ ಎಚ್.ಡಿ.ಕೋಟೆಯ ಮಹೇಶ ಇದ್ದರು. ಅವರನ್ನು ಬಲಿ ತೆಗೆದುಕೊಂಡದ್ದು ಹಿಮಕುಸಿತ. ಅದಕ್ಕೂ ಕೈಗವಸಿಗೂ ಸಂಬಂಧವಿಲ್ಲ. ಆದರೆ ಅಲ್ಲಿ ಕಾವಲಿರುವವರು ಬಂದೂಕಿನ ಲೋಹವನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುವ ಭಯವಿದೆ. ಅಲ್ಲಿ ಕೈಗವಸು ಅಲಂಕಾರದ ವಸ್ತುವಲ್ಲ.

ಚಳಿ ಮೊದಲು ಬೆರಳನ್ನೇ ಏಕೆ ಹಿಡಿಯುತ್ತದೆ? ಬೆರಳು ತೆಳ್ಳಗಿದೆ, ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಬಹಳ ಹೆಚ್ಚು, ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಜೊತೆಗೆ ಚಳಿ ಏರಿದಾಗ ನಮ್ಮ ದೇಹ ಹೃದಯ, ಮಿದುಳುಗಳನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸಿಬಿಡುತ್ತದೆ. ಬಿಸಿರಕ್ತ ಬಾರದ ಬೆರಳು ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೆ ಅಂಗಾಂಶದ ನೀರು ಹರಳುಗಟ್ಟತೊಡಗುತ್ತದೆ. ಇದೇ ಹಿಮಕಡಿತ. ಇದರಲ್ಲಿ ಮೋಸವೆಂದರೆ, ಮೊದಲು ನೋಯುವ ಬೆರಳು ಆಮೇಲೆ ನೋವನ್ನೇ ಮರೆಯುತ್ತದೆ. ಸರಿಹೋಯಿತು ಎಂದು ನಾವು ಭಾವಿಸುವ ಹೊತ್ತಿಗೆ ಕೆಟ್ಟಿರುತ್ತದೆ.

ಕೈಗವಸು ಶಾಖವನ್ನು ಹುಟ್ಟಿಸುವುದಿಲ್ಲ. ಕೈ ಕೊಟ್ಟ ಶಾಖವನ್ನು ಹಿಡಿದಿಡುತ್ತದೆ, ಅಷ್ಟೆ. ಹಿಡಿದಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ನಿಂತ ಗಾಳಿ. ಬಿಗಿಯಾದ ಕೈಗವಸಿನಲ್ಲಿ ಗಾಳಿಗೆ ಜಾಗವಿಲ್ಲ; ಮೇಲಾಗಿ ಅದು ರಕ್ತಸಂಚಾರವನ್ನೂ ತಡೆಯುತ್ತದೆ. ಅಕ್ಕನ ಮಗನ ಬೈಕಿನ ಗ್ಲೌಸ್ ಸೋತದ್ದು ಇಲ್ಲೇ.

ಇನ್ನೊಂದು ಶತ್ರು ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿಯ ಕೈಗವಸು ಬೆವರು ಕುಡಿದು ಕೈಗೆ ಅಂಟಿಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹೊದ್ದು ಸುರಿಯುವ ಮಳೆಯಲ್ಲಿ ಗದ್ದೆ ಕೆಲಸ ಮಾಡಲು ಸಾಧ್ಯವಾದದ್ದು ಏಕೆಂದು ಯೋಚಿಸಿದ್ದೀರಾ? ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಗಾಳಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ಹಾಗಾದರೆ ಏನನ್ನು ಕೊಳ್ಳಬೇಕು? ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ಡಿಗ್ರಿಗೆ ಆಗುತ್ತೆ?" ಎಂದು. ನಾನು ಕೇಳಬೇಕೆನ್ನುವ ಪ್ರಶ್ನೆ ಬೇರೆ: ಅಲ್ಲಿ ನನ್ನ ಕೈಗೆ ಏನು ಕೆಲಸ? ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷಗಳ ಹಿಂದೆ ದ್ರಾಸ್‌ನಲ್ಲಿ ಚಿತ್ರೀಕರಣ. ಸೊನ್ನೆಗಿಂತ 20 ಡಿಗ್ರಿ ಕೆಳಗೆ. ನನ್ನ ಕೈಗವಸು ಬಲು ದಪ್ಪ, ಬಲು ಬೆಚ್ಚಗೆ; ಆದರೆ ಅದನ್ನು ಹಾಕಿಕೊಂಡು ಕ್ಯಾಮೆರಾದ ಬ್ಯಾಟರಿ ಬದಲಿಸಲು ಆಗುತ್ತಿರಲಿಲ್ಲ. ಚಳಿಗೆ ಬ್ಯಾಟರಿಗಳು ಬೇರೆ ಬೇಗ ಸೋಲುತ್ತವೆ. ಹತ್ತು ಸಲ ಕೈಗವಸು ತೆಗೆದೆ, ಹತ್ತು ಸಲ ಹಾಕಿದೆ. ಸಂಜೆಗೆ ಎರಡು ಬೆರಳ ತುದಿ ಮೇಣದಂತೆ ಬಿಳಿಚಿತ್ತು. ಬೆರಳು ಉಳಿಯಿತು, ಚರ್ಮ ವಾರಗಟ್ಟಲೆ ಸುಲಿಯಿತು.

ಆದ್ದರಿಂದ ಪದರಗಳು ಬೇಕು. ಒಳಗೆ ಉಣ್ಣೆಯ ಅಥವಾ ಪಾಲಿಯೆಸ್ಟರಿನ ತೆಳು ಕೈಗವಸು. ಗುಂಡಿ ಹಾಕುವಾಗ, ಫೋಟೋ ತೆಗೆಯುವಾಗ ಹೊರಗವಸು ತೆಗೆದರೂ ಇದು ಕೈಮೇಲೆ ಇರಬೇಕು. ಅದರ ಮೇಲೆ, ನಾಲ್ಕು ಬೆರಳಿಗೂ ಒಂದೇ ಮನೆಯಿರುವ ಚೀಲದಂಥ ದಪ್ಪ ಮಿಟನ್. ಚಳಿಗೆ ನಾಯಿಮರಿಗಳು ಒತ್ತೊತ್ತಾಗಿ ಮಲಗುವಂತೆ ಅದರೊಳಗೆ ಬೆರಳುಗಳು ಒಂದರ ಶಾಖವನ್ನು ಒಂದು ಹಂಚಿಕೊಳ್ಳುತ್ತವೆ. ಎಲ್ಲಕ್ಕೂ ಹೊರಗೆ ಗಾಳಿ, ನೀರು ನುಗ್ಗದ ಬಟ್ಟೆ. ಏಕೆಂದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿಮೈಗೆ ಅದು ಮೈನಸ್ 33ರಂತೆ ತಾಗುತ್ತದೆ. ಅಂಗಡಿಯಲ್ಲಿ ಒಳಗವಸು ಹಾಕಿಕೊಂಡೇ ಹೊರಗಿನದನ್ನು ತೊಟ್ಟು ನೋಡಿ. ಮುಷ್ಟಿ ಕಟ್ಟಿ, ಎಲ್ಲೂ ಬಿಗಿಯಬಾರದು. ಮಣಿಕಟ್ಟು ಮುಚ್ಚಬೇಕು.

ಬೈಲುಕುಪ್ಪೆಯ ಟಿಬೆಟನ್ನರು ಚಳಿಗಾಲದಲ್ಲಿ ಮಾರುವ ಉಣ್ಣೆಯ ಗ್ಲೌಸ್ ಸಾಕಲ್ಲವೇ ಎಂದು ಅಕ್ಕ ಕೇಳಿದಳು. ಒಳಪದರಕ್ಕೆ ಧಾರಾಳವಾಗಿ ಆಗುತ್ತದೆ. ಒಂಟಿಯಾಗಿ ಸಾಲದು, ಹೆಣಿಗೆಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ.

ಕಳೆದುಹೋಗುವ ಮಾತೂ ಇದೆ. 1950ರ ಜೂನ್ 3ರಂದು ಫ್ರಾನ್ಸಿನ ಮೋರಿಸ್ ಹೆರ್ಜೋಗ್ ಅನ್ನಪೂರ್ಣ ಶಿಖರ ಏರಿದರು. ಇಳಿಯುವಾಗ ಅವರ ಕೈಗವಸುಗಳು ಜಾರಿ ಪ್ರಪಾತಕ್ಕೆ ಉರುಳಿದವು. ಚೀಲದಲ್ಲಿದ್ದ ಹೆಚ್ಚುವರಿ ಕಾಲುಚೀಲವನ್ನು ಕೈಗೆ ಹಾಕಿಕೊಳ್ಳಬಹುದೆಂದು ಆ ದಣಿವಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ. ಬೆರಳುಗಳನ್ನು ಕಳೆದುಕೊಂಡರು. ಹೊರಗವಸಿಗೆ ದಾರ ಕಟ್ಟಿ, ಇನ್ನೊಂದು ಜೊತೆಯನ್ನು ಚೀಲದಲ್ಲಿಡಿ.

ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜಬೇಡಿ, ಹಿಮದಿಂದಂತೂ ಬೇಡವೇ ಬೇಡ, ಬೆಂಕಿಗೂ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಬಂದಮೇಲೆ 37ರಿಂದ 39 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ವೈದ್ಯರನ್ನು ಕಾಣಿ. ಸಿಗರೇಟು ಸೇದಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಭ್ರಮೆ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಬೆಂದುಬರುವ ಆ ಎಲೆಯ ನಿಕೋಟಿನ್ ಬೆರಳಿನ ರಕ್ತನಾಳವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಅಕ್ಕನ ಮಗ ಕೊನೆಗೆ ಮಿಟನ್ ಕೊಂಡ. ಅದಕ್ಕೆ ದಾರ ಹೊಲಿದು, ಜಾಕೀಟಿನ ತೋಳಿನೊಳಗೆ ತೂರಿಸಿ ಕೊಟ್ಟವಳು ಅಕ್ಕ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ತಂದಿಟ್ಟಿದ್ದ ದಾರ ಅದು.