ಹಲಗಲಿಯ ಬೆಂಕಿ, ನರಗುಂದದ ಬಂಡಾಯ

ನರಗುಂದ, ರೋಣ, ಗಜೇಂದ್ರಗಡದ ಈ ಎರೆಸೀಮೆ ಹಲವು ದೊರೆಗಳನ್ನು ಕಂಡಿದೆ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆ ಹಿಡಿಯಿತು. 1787ರಲ್ಲಿ ಮರಾಠರೂ ಟಿಪ್ಪುವೂ ಗಜೇಂದ್ರಗಡದಲ್ಲಿ ಒಪ್ಪಂದ ಮಾಡಿಕೊಂಡರು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಕಂಪನಿ ಸರಕಾರ ಬಂತು. ಈ ಸರಕಾರ ಜನರ ಕೈಯ ಆಯುಧಕ್ಕೂ ಸಂಸ್ಥಾನಿಕರ ದತ್ತಕದ ಹಕ್ಕಿಗೂ ಕೈಹಾಕಿತು. ಬಂಡಾಯದ ಬೇರು ಅಲ್ಲಿದೆ.

ಮೊದಲು ಸಿಡಿದೆದ್ದದ್ದು ಅರಮನೆಯಲ್ಲ, ಒಂದು ಹಳ್ಳಿ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವೇ ಅವರ ಅನ್ನ, ಅದೇ ಅವರ ಮಾನ. ನವೆಂಬರ್ ಕೊನೆಗೆ ಕಂಪನಿಯ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಕಾದಾಡುವವರ ಮನೆಯ ಜತೆಗೆ ಕಾದಾಡದವರ ಮನೆಯೂ ಸುಟ್ಟುಹೋಯಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಜನರನ್ನು, ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಇದು ನೋಡಿದವರೆಲ್ಲ ಹೆದರಲೆಂದು ಕೊಟ್ಟ ಶಿಕ್ಷೆ.

ಜನ ಹೆದರಲಿಲ್ಲ. ನರಗುಂದದ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಗನಿಲ್ಲದೆ ದತ್ತಕಕ್ಕೆ ಅನುಮತಿ ಕೇಳಿದ್ದ. ಕಂಪನಿ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ಅವನೊಡನೆ ಕೈಜೋಡಿಸಿದ್ದ ಮುಂಡರಗಿಯ ಭೀಮರಾಯ ಬಂಡೆದ್ದು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಸೇರಿದ. ಮೇ 29ರ ರಾತ್ರಿ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಅದೂ ಕ್ರೌರ್ಯವೇ. ಅದನ್ನು ಮುಚ್ಚಿಟ್ಟು ಹೇಳಿದರೆ ಇತಿಹಾಸ ಅರ್ಧವಾಗುತ್ತದೆ.

ಜೂನ್ 1ರಂದು ಕೊಪ್ಪಳ ಬಿತ್ತು. ಭೀಮರಾಯನೂ ಅವನ ಜತೆಗಾರ ಹಮ್ಮಿಗಿಯ ಕೆಂಚನಗೌಡನೂ ಅಲ್ಲೇ ಮಡಿದರು. ಮರುದಿನವೇ ನರಗುಂದದ ಸರದಿ. ತಪ್ಪಿಸಿಕೊಂಡಿದ್ದ ಬಾಬಾಸಾಹೇಬ ತೊರಗಲ್ಲಿನ ಬಳಿ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣಬಿಟ್ಟರು. ಅವರು ಕತ್ತಿ ಹಿಡಿದವರಲ್ಲ.

ಸ್ವಾತಂತ್ರ್ಯದ ಯುದ್ಧಗಳಲ್ಲಿ ಎಲ್ಲ ಕಡೆಯೂ ಇದೇ ಕಥೆ. ನಾಯಕನ ಹೆಸರು ಉಳಿಯುತ್ತದೆ, ಊರವರ ನೋವು ಅಳಿಯುತ್ತದೆ. ಆದರೆ ಹಲಗಲಿಯ ನೋವು ಅಳಿಯಲಿಲ್ಲ, ಯಾಕೆಂದರೆ ಲಾವಣಿಕಾರರು ಅದನ್ನು ಹಾಡಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚುಮಾಡಿಸಿದವನು ಬ್ರಿಟಿಷ್ ಅಧಿಕಾರಿ ಫ್ಲೀಟ್.

ನಮ್ಮ ಶಾಲೆಗಳಲ್ಲಿ ಬಾಬಾಸಾಹೇಬನ ಪಾಠ ಹೇಳುವಾಗ, ಹಲಗಲಿಯಲ್ಲಿ ಮನೆ ಸುಟ್ಟುಕೊಂಡವರನ್ನೂ, ಮಲಪ್ರಭೆಗೆ ಬಿದ್ದ ಹೆಂಗಸರನ್ನೂ ಸೇರಿಸಿ ಹೇಳೋಣ. ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವರಲ್ಲಿ ಅವರೂ ಇದ್ದಾರೆ.