ಹದಿನೆಂಟು ದಾಟಿದ ಮೇಲೆ
ಆಟಿಸಂ ಇರುವ ಮಕ್ಕಳ ವಿಶೇಷ ಹಗಲು ಶಾಲೆಯಲ್ಲಿ ಅಕ್ಷರಕ್ಕಿಂತ ಮೊದಲು ಸಂವಹನದ ಪಾಠ. ಮಾತು ಬಾರದ ಪುಟ್ಟ ಮಗು ಲೋಟದ ಚಿತ್ರ ಕೊಟ್ಟು ನೀರು ಕೇಳಲು ಕಲಿಯುತ್ತದೆ. ಗೋಡೆಯ ಚಿತ್ರಪಟ್ಟಿ ದಿನದ ಕೆಲಸಗಳನ್ನು ಸಾಲಾಗಿ ತೋರಿಸುತ್ತದೆ. ಮುಂದೇನೆಂದು ಗೊತ್ತಾದರೆ ಗಾಬರಿ ತಗ್ಗುತ್ತದೆ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಲಾರಿಗಳ ಹಾರ್ನ್, ವೈಟ್‌ಫೀಲ್ಡಿನ ಟ್ರಾಫಿಕ್ಕಿನ ನಡುವೆ ವ್ಯಾನಿನ ಪಯಣವೇ ಕೆಲವರಿಗೆ ದಿನದ ಕಠಿಣ ಪಾಠ. ಅದಕ್ಕೇ ಶಾಲೆ ಮನೆಗೆ ಹತ್ತಿರವಿರಬೇಕು.

ಹದಿಹರೆಯದಲ್ಲಿ ಕಲಿಕೆ ಬೇರೆ: ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು, ಬಸ್ ಹತ್ತುವುದು, ಅಡುಗೆ, ಶೇವಿಂಗ್, ಮುಟ್ಟಿನ ದಿನಗಳ ಶುಚಿತ್ವ. ಅಂಕಪಟ್ಟಿಗಿಂತ ಇವೇ ದೊಡ್ಡವು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ, ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಮಕ್ಕಳ ಹಕ್ಕು. ತೊಡಕು ಇರುವುದು ಆಮೇಲೆ, ಕೆಲಸ ಹುಡುಕುವಾಗ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವ ಕೆಲವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಪ್ರಾಯೋಗಿಕವಾಗಿ ತೆಗೆದುಕೊಂಡಿತು. 2013ರಲ್ಲಿ ಅದರ ಮಾತೃಸಂಸ್ಥೆ ಎಸ್‌ಎಪಿ ಈ ಪ್ರಯೋಗವನ್ನು ಬೇರೆ ದೇಶಗಳಿಗೂ ವಿಸ್ತರಿಸುವುದಾಗಿ ಪ್ರಕಟಿಸಿತು. ಆದರೆ ಆಟಿಸಂ ಇರುವವರೆಲ್ಲ ಕಂಪ್ಯೂಟರ್ ಪ್ರವೀಣರೆಂಬುದು ಸಿನಿಮಾದ ಕಲ್ಪನೆ. ಪ್ಯಾಕಿಂಗ್, ಬಿಡಿಭಾಗಗಳ ವಿಂಗಡಣೆಯಂಥ ಕ್ರಮಬದ್ಧ ಕೆಲಸ ಪೀಣ್ಯದಲ್ಲಿ ಬೇಕಾದಷ್ಟಿದೆ. ಅಲ್ಲಿನ ಸಣ್ಣ ಕಾರ್ಖಾನೆಗಳು ತಲಾ ಒಬ್ಬರಿಗಾದರೂ ಜಾಗ ಕೊಡಲಿ.