ದೊಡ್ಡ ಮನೆ ಯಾರ ಹೆಸರಿನಲ್ಲಿದೆ?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಕೌಟುಂಬಿಕ ಹಿಂಸೆ ಎಂಬ ಮಾತು ಬಂದಾಗಲೆಲ್ಲ ನಮ್ಮಂಥ ಓದಿದವರು ನಿಮ್ಮ ಕೇರಿಗಳ ಬಗ್ಗೆ ನಿಮಗೇ ಪಾಠ ಹೇಳುತ್ತೇವೆ. ಕುಡಿತ, ಬಡತನ, ಅನಕ್ಷರತೆ ಎಂದು ಕಾರಣಗಳನ್ನು ಎಣಿಸುತ್ತೇವೆ. ಇವತ್ತು ಅದನ್ನು ಬಿಟ್ಟು ನಾನಿರುವ ಬಡಾವಣೆಯ ವಿಷಯ ಹೇಳುತ್ತೇನೆ. ನಿಮ್ಮಲ್ಲಿ ಹಲವರು ಬೆಳಿಗ್ಗೆ ಆರೂವರೆಗೇ ಅಲ್ಲಿಗೆ ಕೆಲಸಕ್ಕೆ ಬರುವವರು. ನಾನೇನಾದರೂ ಬಣ್ಣ ಹಚ್ಚಿ ಹೇಳಿದರೆ ತಡೆದು ಕೇಳಿ.

ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆಗೆ ಒಂದು ಕೊಳಾಯಿ. ಯಾರ ಮನೆಯ ಒಗ್ಗರಣೆ ಎಂಬುದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಯಾವ ಮನೆಯಲ್ಲಾದರೂ ಏಟಿನ ಸದ್ದು ಕೇಳಿದರೆ ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, "ಏನೋ, ಕೈ ತುರಿಸ್ತಾ ಇದೆಯೇನೋ?" ಎಂದು ಕೂಗುತ್ತಿದ್ದಳು. ವಠಾರವನ್ನು ನಾನು ಹೊಗಳುತ್ತಿಲ್ಲ. ಮಾರನೆಯ ದಿನ ಏಟು ತಿಂದವಳನ್ನು ಕೂರಿಸಿಕೊಂಡು "ಹೊಂದಿಕೊಂಡು ಹೋಗಮ್ಮ" ಎನ್ನುತ್ತಿದ್ದವಳೂ ಅದೇ ಅಜ್ಜಿ. ಆದರೆ ಸದ್ದು ನಾಲ್ಕು ಜನರ ಕಿವಿಗೆ ಬೀಳುತ್ತಿತ್ತು.

1986ರಲ್ಲಿ ಮದುವೆಯಾಗಿ ಜಯನಗರಕ್ಕೆ ಬಂದೆ. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಬಡಾವಣೆ ಅದು. ಅಲ್ಲಿನ ಅಶೋಕ ಸ್ತಂಭವನ್ನು ನೀವೆಲ್ಲ ಬಸ್ಸಿನಿಂದ ನೋಡಿರುತ್ತೀರಿ. ಮೇಷ್ಟರು, ಗುಮಾಸ್ತರು, ಬ್ಯಾಂಕಿನವರು, ಸರಕಾರಿ ನೌಕರರು ಆಗಿನ ಟ್ರಸ್ಟ್ ಬೋರ್ಡಿನಿಂದ ನಿವೇಶನ ಪಡೆದು, ಸಾಲ ಮಾಡಿ, ಒಂದೊಂದೇ ಕೋಣೆ ಕಟ್ಟಿಕೊಂಡರು. ಇವತ್ತು ಅದೇ ನಿವೇಶನ ಕೋಟಿಗಳ ಬೆಲೆಯದು. ದುಡಿದು ಬಂದದ್ದಕ್ಕಿಂತ ನೆಲ ಕೊಟ್ಟದ್ದೇ ಹೆಚ್ಚು.

ಅಲ್ಲಿ ಬದುಕುವುದು ಸುಖವೇ, ಅಲ್ಲಗಳೆಯುವುದಿಲ್ಲ. ಬೀದಿಯುದ್ದಕ್ಕೂ ಹೊಂಗೆ, ಆಕಾಶಮಲ್ಲಿಗೆ. ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು, ದೇವಸ್ಥಾನ, ಆಸ್ಪತ್ರೆ, ನಾಲ್ಕನೇ ಬ್ಲಾಕಿನ ಅಂಗಡಿಗಳು. ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬೀದಿಯಲ್ಲಿ ನಿಂತರೆ ತರಕಾರಿಯವನ ಕೂಗು ಬಿಟ್ಟು ಬೇರೆ ಸದ್ದಿಲ್ಲ. ಹೊರಗಿನವರು ಇದನ್ನು ನೆಮ್ಮದಿ ಎನ್ನುತ್ತಾರೆ. ನಾನು ಅಷ್ಟು ಬೇಗ ಹಾಗೆನ್ನುವುದಿಲ್ಲ. ಆಳೆತ್ತರದ ಕಾಂಪೌಂಡು, ಎರಡು ಪದರದ ಕಿಟಕಿ, ಗೇಟಿನಲ್ಲಿ ನಾಯಿ. ಒಳಗಿನದು ಹೊರಗೆ ಕೇಳಿಸಬಾರದೆಂದೇ ಕಟ್ಟಿದ ಮನೆಗಳು ಇವು.

ನಮ್ಮ ಕಡೆ ವರದಕ್ಷಿಣೆ ಕೇಳುವುದಿಲ್ಲ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವೇನು ಮಾಡ್ತೀರೋ ಮಾಡಿ" ಎನ್ನುತ್ತಾರೆ. ಈ ಒಂದು ವಾಕ್ಯದ ಬೆಲೆ ಎಷ್ಟೆಂದು ಹೆಣ್ಣು ಹೆತ್ತವರಿಗೆ ಗೊತ್ತು. ಛತ್ರದ ಖರ್ಚು, ಬೆಳ್ಳಿ ಸಾಮಾನು, ಕಾರು, ಈಚೆಗೆ ಫ್ಲಾಟಿನ ಮುಂಗಡ. 1961ರ ವರದಕ್ಷಿಣೆ ನಿಷೇಧ ಕಾಯಿದೆಗೆ 1984ರಲ್ಲಿ ತಿದ್ದುಪಡಿ ಬಂತು. ಮದುವೆಗೆ ಸಂಬಂಧಪಟ್ಟಂತೆ ಕೊಟ್ಟದ್ದು, ಕೊಡುತ್ತೇನೆಂದದ್ದು ಮದುವೆಗೆ ಮುಂಚಿನದಾದರೂ ಸರಿ, ನಂತರದ್ದಾದರೂ ಸರಿ, ಅದರ ವ್ಯಾಪ್ತಿಗೆ ಬರುತ್ತದೆ. ಕೇಳದೆ ಕೊಟ್ಟ ಉಡುಗೊರೆಗಳನ್ನು ಪಟ್ಟಿ ಮಾಡಿ ಸಹಿ ಹಾಕಿಡಬೇಕೆಂಬ ನಿಯಮ 1985ರಿಂದ ಇದೆ. ನಮ್ಮ ಬೀದಿಯ ಮದುವೆಗಳಲ್ಲಿ ಊಟದ ಪಟ್ಟಿ, ಬೀಗರ ಪಟ್ಟಿ ಎಲ್ಲ ನೋಡಿದ್ದೇನೆ. ಇದೊಂದು ಪಟ್ಟಿ ಕಂಡಿಲ್ಲ. ಆ ಮದುವೆಗಳನ್ನು ನೋಡಿ ನೀವೂ ಸಂಘದ ಸಾಲ ಎತ್ತಿ ಹಾಗೇ ಮಾಡಲು ಹೊರಡುತ್ತೀರಲ್ಲ, ಆ ಜಗಳ ಇನ್ನೊಂದು ದಿನ ಆಡೋಣ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮನೆಯ ವಿಷಯ. ಆ ದೊಡ್ಡ ಮನೆ ಯಾರ ಹೆಸರಿನಲ್ಲಿದೆ?

ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹಳೆಯ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಲು ಹೊರಡುತ್ತಾರೆ. ಆಗ ಅಕ್ಕತಂಗಿಯರ ನೆನಪಾಗುತ್ತದೆ. ಗೌರಿ ಹಬ್ಬದ ಬಾಗಿನದ ಹಿಂದೆಯೇ ಹಕ್ಕು ಬಿಡುಗಡೆ ಪತ್ರವೂ ಬರುತ್ತದೆ. "ನಿನ್ನ ಮದುವೆಗೇ ಅಷ್ಟು ಖರ್ಚಾಗಿದೆಯಲ್ಲ, ಸಹಿ ಹಾಕಿಬಿಡು." ತವರು ಬೇಕೋ ಪಾಲು ಬೇಕೋ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಪ್ರಶ್ನೆ ಅದೇ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಪಿತ್ರಾರ್ಜಿತದಲ್ಲೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರಿಗೂ ಸಿಕ್ಕಿತು. ಹೀಗಿದ್ದೂ ಎಂ.ಎ. ಮಾಡಿದ, ಕೆಲಸದಲ್ಲಿರುವ ನನ್ನ ಎಷ್ಟೋ ಗೆಳತಿಯರು ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕುಳಿತು ಬೆರಳೊತ್ತಿ ಬಂದಿದ್ದಾರೆ. ಅಲ್ಲಿಂದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ.

ಇತ್ತ ಗಂಡನ ಮನೆ ಮಾವನ ಹೆಸರಿನಲ್ಲಿರುತ್ತದೆ, ಇಲ್ಲವೇ ಗಂಡನ ಹೆಸರಿನಲ್ಲಿ. ಎರಡು ದೊಡ್ಡ ಮನೆಗಳ ನಡುವೆ ನಿಂತ ಈ ಹೆಂಗಸಿಗೆ ತನ್ನದೆನ್ನುವ ಒಂದು ಚದರಡಿಯಿಲ್ಲ. ಏಟು ಬಿದ್ದರೆ ಹೋಗುವುದೆಲ್ಲಿಗೆ? ಓದು, ಸಂಬಳ ಇದ್ದರೂ ಆಕೆ ಬಾಯಿ ಮುಚ್ಚಿಕೊಂಡಿರುವುದೇಕೆ ಎಂದು ಕೇಳುವವರು ಮೊದಲು ಆ ಮನೆಯ ಖಾತೆ ತೆರೆದು ನೋಡಲಿ.

ನಮ್ಮ ಬೀದಿಯಲ್ಲೇ ಒಬ್ಬಳಿದ್ದಾಳೆ. ಕಚೇರಿಯಲ್ಲಿ ಹತ್ತು ಜನರ ಮೇಲಿನ ಅಧಿಕಾರಿ. ಸಂಬಳ ಬರುವ ಕಾರ್ಡು ಗಂಡನ ಬಳಿ. ಬಸ್ಸಿಗೆ, ಕಾಫಿಗೆ ಅವನೇ ಎಣಿಸಿ ಕೊಡುತ್ತಿದ್ದ. ನಾವೆಲ್ಲ ಅವರದು ಆದರ್ಶ ಸಂಸಾರ ಎನ್ನುತ್ತಿದ್ದೆವು. ನಿಜ ಗೊತ್ತಿದ್ದದ್ದು ಇಬ್ಬರ ಮನೆಯಲ್ಲೂ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಮಾತ್ರ. ಒಂದು ದಿನ ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ತಲೆಯೆತ್ತದೆ ಹೇಳಿದಳು: "ಅಮ್ಮಾ, ಆ ಮನೇಲಿ ವಾರಕ್ಕೆರಡು ಸಲ ಬಳೆ ಚೂರು ಗುಡಿಸ್ತೀನಿ."

ಅವಳು ಇದನ್ನು ಯಾರಿಗೂ ಹೇಳದಿರಲು ಕಾರಣವಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಅಷ್ಟೇ ಅಲ್ಲ, ಮಾರನೆಯ ದಿನ ಆ ಮನೆಯಲ್ಲಿ ಒಂದು ಉಂಗುರ ಕಳೆದುಹೋಗುತ್ತದೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ನಿಮಗೆ ಗೊತ್ತಿರಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ನಾಲ್ಕನೇ ಕಲಂ ಪ್ರಕಾರ, ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ನೆಂಟರೇ ಆಗಬೇಕಿಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಕೊಟ್ಟಿದ್ದಾರೆ. ನಿಮ್ಮ ಅಂಗನವಾಡಿ ನೋಡಿಕೊಳ್ಳುವ ಕಚೇರಿಯೇ ಅದು, ನೀವು ಹೋಗಿ ಬಂದು ಗೊತ್ತಿರುವ ಜಾಗ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ನಾವು ಮಾಡಿದ್ದಿಷ್ಟು: ಕೆಲಸದವಳ ಹೆಸರು ಎಲ್ಲೂ ಬಾರದ ಹಾಗೆ, ನನ್ನ ಹೆಸರಿನಲ್ಲೇ ಬರೆದುಕೊಟ್ಟೆ. ಅಧಿಕಾರಿ ಬಂದು ಕೇಳಿದಾಗ ಆ ಹುಡುಗಿ ಏನೂ ಇಲ್ಲವೆಂದಳು. ಕಾಫಿ ಕೊಟ್ಟು ಕಳಿಸಿದಳು. ನಾಲ್ಕು ತಿಂಗಳು ನನ್ನ ಮುಖ ನೋಡಲಿಲ್ಲ. ಐದನೆಯ ತಿಂಗಳು ಒಂದು ರಾತ್ರಿ ಗೇಟು ಬಡಿದಳು.

"ಇದು ನನ್ನ ಸ್ವಂತ ಮನೆ, ಅವಳಿಗೆ ಇಲ್ಲೇನು ಹಕ್ಕು?" ಎಂದರು ಮಾವ. ಹಿಂದೆ ಈ ಮಾತು ನಡೆಯುತ್ತಿತ್ತು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಸೊಸೆ ಸಂಸಾರ ಮಾಡಿದ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಆಕೆ ಕೇಳಬಹುದು ಎಂದು ತೀರ್ಪು ಕೊಟ್ಟಿದೆ. ಒಡೆತನವಲ್ಲ, ವಾಸ ಮಾತ್ರ. ಅದೂ ಆಯಾ ಕೇಸು ನೋಡಿ. ಈಗ ಆಕೆ ಅದೇ ಮನೆಯ ಮಹಡಿಯ ಒಂದು ಕೋಣೆಯಲ್ಲಿದ್ದಾಳೆ, ಕಾರ್ಡು ಅವಳ ಕೈಯಲ್ಲಿದೆ. ಕೇಸು ನಡೆಯುತ್ತಿದೆ. ಕೆಳಗಡೆಯವರು ಮಾತಾಡಿಸುವುದಿಲ್ಲ. ಬೀದಿಯಲ್ಲಿ ಕೆಲವರು ನನ್ನನ್ನೂ ಮಾತಾಡಿಸುವುದಿಲ್ಲ. ಅರಿಶಿನ ಕುಂಕುಮದ ಕರೆಗಳು ಕಡಿಮೆಯಾಗಿವೆ, ಮೊಳಕಾಲು ನೋವಿನವಳಿಗೆ ಅದೂ ಒಳ್ಳೆಯದೇ.

ಇನ್ನೊಂದು ವಿಷಯ. 498ಎ ಎಂಬ ಅಂಕಿ ನಿಮಗೆಲ್ಲ ಬಾಯಿಪಾಠ. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಂ ಆಗಿದೆ, ವರದಕ್ಷಿಣೆ ಸಾವಿನದು 80. ಠಾಣೆಯಲ್ಲಿ "ಆ ಸೆಕ್ಷನ್ ಈಗಿಲ್ಲಮ್ಮ" ಎಂದು ವಾಪಸು ಕಳಿಸಿದರೆ ಈ ಅಂಕಿ ಹೇಳಿ.

ಕೆಲಸ ಹೋಗುವ ಭಯವಿದ್ದವರು ಒಬ್ಬೊಬ್ಬರೇ ಹೋಗುವುದು ಬೇಡ. ಸಂಘದ ಹೆಸರಿನಲ್ಲಿ, ಪ್ರತಿನಿಧಿಯ ಸಹಿಯೊಂದಿಗೆ ಬರೆದುಕೊಡಬಹುದೇ ಎಂದು ಎರಡು ಸಂಘದವರು ಆಗಲೇ ಕೇಳಿದ್ದಾರೆ. ಕೊಡಬಹುದು. ಅರ್ಜಿ ಬರೆಯುವುದು ಹೇಗೆಂದು ಈಗಲೇ ಕೂತು ನೋಡೋಣ, ಕಾಗದ ತಂದಿದ್ದೇನೆ. ಹಿಂದೆ ಕುಳಿತವರು ಮುಂದೆ ಬನ್ನಿ.